ಬಟ್ಟೆ ಒಣಗುವ ಕಾಲ

ನಮ್ಮ ಮನೆ ಇರುವುದು ಸಾಗರದ ಹತ್ತಿರ; ಅಲ್ಲಿಂದ ಜೋಗ ಒಂದು ತಾಸಿನ ಹಾದಿ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ನೆಂಟರಿಗೆ ಜೋಗ ತೋರಿಸುವ ಕೆಲಸ ಚಿಕ್ಕಂದಿನಿಂದಲೂ ನನ್ನ ಪಾಲಿಗೇ ಬರುತ್ತಿತ್ತು. ಏಪ್ರಿಲ್ ಕೊನೆಯ ವಾರದ ಜೋಗವೆಂದರೆ 830 ಅಡಿಯ ಬೋಳು ಬಂಡೆ, ಅದರ ಮೇಲೆ ಯಾರೋ ಬಿಂದಿಗೆ ಬಗ್ಗಿಸಿದಂತೆ ಇಳಿಯುವ ಒಂದೆರಡು ಎಳೆ ನೀರು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಚಿಕ್ಕಪ್ಪ ಕಂಬಿ ಹಿಡಿದು ನಿಂತು, "ಇಷ್ಟೇನಾ?" ಅನ್ನುತ್ತಿದ್ದರು, ನೀರು ನಾನೇ ಕದ್ದಿಟ್ಟವನಂತೆ ನನ್ನ ಮುಖ ನೋಡಿ. "ಮಳೆಗಾಲದಲ್ಲಿ ಬರ್ಬೇಕು ಚಿಕ್ಕಪ್ಪ" ಅಂದರೆ, "ಮಳೇಲಿ ಯಾರೋ ಬರ್ತಾರೆ, ಮಕ್ಕಳಿಗೆ ಸ್ಕೂಲಿರತ್ತಲ್ಲ" ಎಂಬ ಉತ್ತರ. ಹಟ ಹಿಡಿದು ಆಷಾಢದಲ್ಲೇ ಬಂದ ಇನ್ನೊಬ್ಬ ನೆಂಟರಿಗೆ ಜೋಗದ ಸದ್ದು ಕೇಳಿಸಿತು, ಜೋಗ ಕಾಣಿಸಲಿಲ್ಲ. ಎದುರಿಗೆ ಬೆಳ್ಳನೆಯ ಮಂಜು, ಕೈಯಲ್ಲಿ ಗಾಳಿಗೆ ಉಲ್ಟಾ ಆದ ಕೊಡೆ.

ಊರಿನವರು ಹೋಗುತ್ತಿದ್ದದ್ದು ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ, ಎರಡು ದಿನ ಸುರಿದು ಮೂರನೆಯ ಬೆಳಿಗ್ಗೆ ಬಿಸಿಲು ಬಿದ್ದಾಗ. ಅದನ್ನು ಯಾವ ಕ್ಯಾಲೆಂಡರಿನಲ್ಲೂ ಅಚ್ಚು ಹಾಕಿರಲಿಲ್ಲ. "ಇವತ್ತು ಜೋಗ ಚೆನ್ನಾಗಿ ಕಾಣ್ತಿದೆಯಂತೆ" ಎಂದು ಹಾಲು ಹಾಕಲು ಬಂದವನು ಹೇಳುತ್ತಿದ್ದ, ಅಷ್ಟೆ.

ಹೊತ್ತು ತಪ್ಪಿ ಬಂದ ನೆಂಟರನ್ನು ಕಂಡು ಒಳಗೊಳಗೇ ನಕ್ಕ ಪಾಪ ನನಗೆ ತಿರುಗಿ ಬಂದದ್ದು ಶ್ರೀಲಂಕಾದ ಬೆಂಟೋಟದಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ಮೇ ಕೊನೆಯ ವಾರ, ಮಗಳ ಶಾಲೆ ಶುರುವಾಗುವ ಮುಂಚೆ ಐದು ದಿನ ಸಿಕ್ಕಿದ್ದವು. ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರು ಪ್ಯಾಕೇಜ್ ಕೊಟ್ಟರು: ಸಿಗಿರಿಯಾ, ಕ್ಯಾಂಡಿ, ನುವಾರ ಎಲಿಯಾ, ಕೊನೆಗೆ ಎರಡು ದಿನ ಬೆಂಟೋಟದ ಸಮುದ್ರ. ಬೆಲೆ ನಂಬಲಾಗದಷ್ಟು ಕಡಿಮೆ. ಯಾಕಿಷ್ಟು ಕಡಿಮೆ ಎಂದು ಕೇಳಬೇಕಾಗಿತ್ತು. ಕಡಿಮೆಯಾದದ್ದಕ್ಕೆ ಕಾರಣ ಕೇಳುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ? ಬೆಂಟೋಟಕ್ಕೆ ಹೋಗಿ ಇಳಿದರೆ ದಂಡೆಯುದ್ದಕ್ಕೂ ಕೆಂಪು ಬಾವುಟ. ಸಮುದ್ರದ ಬಣ್ಣ ನಮ್ಮ ಶರಾವತಿಯ ಹೊಸ ನೀರಿನ ಹಾಗೆ ರಾಡಿ. ಮಳೆ ಇಡೀ ದಿನ ಬರುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ತಾಸು ಬಡಿದು ಎರಡು ತಾಸು ಬಿಡುತ್ತಿತ್ತು. ಆದರೆ ಬಿಟ್ಟಾಗಲೂ ಅಲೆ ಬಿಡುತ್ತಿರಲಿಲ್ಲ. ಮಗಳು ಈಜುವ ಬಟ್ಟೆ ಹಾಕಿಕೊಂಡು ಹೋಟೆಲಿನ ಕಿಟಕಿಯ ಬಳಿ ಕೂತಿದ್ದಳು.

ನಮ್ಮ ಡ್ರೈವರ್ ಬೆಟ್ಟದ ಸೀಮೆಯ ತಮಿಳರು, ಟೀ ತೋಟದ ಕೂಲಿಗೆಂದು ಬಂದವರ ನಾಲ್ಕನೆಯ ತಲೆಮಾರು. ನನ್ನ ಹರಕು ತಮಿಳು, ಅವರ ಮೆಲ್ಲನೆಯ ತಮಿಳು ಸೇರಿ ಮಾತು ಸಾಗುತ್ತಿತ್ತು. ಎರಡನೆಯ ದಿನ ಅವರು ಹೇಳಿದ್ದರ ಕನ್ನಡ ಇಷ್ಟು: "ದೇಶ ಸರಿ ಸಾರ್, ತಿಂಗಳೂ ಸರಿ. ನೀವು ಬಂದಿರೋ ಪಕ್ಕ ತಪ್ಪು. ಇವತ್ತು ಟ್ರಿಂಕೋದಲ್ಲಿ ಸಮುದ್ರ ಕೆರೆ ಥರ ಇರತ್ತೆ."

ನಕಾಶೆ ತೆಗೆದು ನೋಡಿದೆ. ಟ್ರಿಂಕೋಮಲಿ ಇದ್ದದ್ದು ದ್ವೀಪದ ಆಚೆ ಬದಿಗೆ, ಕಾರಿನಲ್ಲಿ ಆರೇಳು ತಾಸು. ಮರುದಿನ ನಮ್ಮ ವಿಮಾನ.

ಮಲೆನಾಡಿನಲ್ಲಿ ಹುಟ್ಟಿದವನಿಗೆ ಇದು ಹೊಳೆಯದೇ ಹೋದದ್ದು ನಾಚಿಕೆಯ ಸಂಗತಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅರ್ಧ ದಿನದ ಹಾದಿಯಾಚೆಗಿನ ಚಿತ್ರದುರ್ಗದಲ್ಲಿ ಅದರ ಹತ್ತರಲ್ಲೊಂದು ಪಾಲು. ನೈಋತ್ಯದಿಂದ ಬಂದ ಮೋಡ ಘಟ್ಟ ಹತ್ತುವಾಗ ಹೊರೆ ಇಳಿಸಿ, ಆಚೆಗೆ ಬರಿಗೈಯಲ್ಲಿ ಹೋಗುತ್ತದೆ. ಶ್ರೀಲಂಕಾ ಕೂಡ ಅದೇ ಲೆಕ್ಕದ ನಾಡು, ಸಣ್ಣ ಅಳತೆಯಲ್ಲಿ. ಇಡೀ ದ್ವೀಪ 65,610 ಚದರ ಕಿಲೋಮೀಟರ್, ಕರ್ನಾಟಕದ ಮೂರರಲ್ಲೊಂದು ಪಾಲಿನಷ್ಟು. ನಟ್ಟನಡುವಿನ ಸ್ವಲ್ಪ ಕೆಳಗೆ 2,500 ಮೀಟರ್ ಮುಟ್ಟುವ ಬೆಟ್ಟಗಳ ಗಂಟು. ಮೇ ಕೊನೆಗೆ ಮುಂಗಾರು ಕೇರಳಕ್ಕಿಂತ ನಾಲ್ಕಾರು ದಿನ ಮೊದಲು ಇಲ್ಲಿಗೆ ಬಂದು ಕೊಲಂಬೊ, ಗಾಲೆ, ಬೆಂಟೋಟ, ಬೆಟ್ಟದ ಪಡುವಣ ಇಳಿಜಾರುಗಳನ್ನು ನೆನೆಸುತ್ತದೆ. ಬೆಟ್ಟದಾಚೆ ಮೂಡಣ ಸೀಮೆಯಲ್ಲಿ ಆಗ ಒಣ ಗಾಳಿ. ಅಲ್ಲಿಯ ತಮಿಳರು ಅದನ್ನು ಕಚ್ಚಾನ್ ಎನ್ನುತ್ತಾರೆ. ಡಿಸೆಂಬರಿಗೆ ಎಲ್ಲ ತಿರುಗುಮುರುಗು. ಈಶಾನ್ಯದ ಗಾಳಿ ಟ್ರಿಂಕೋಮಲಿ, ಬಟ್ಟಿಕಲೋವಾ, ಜಾಫ್ನಾದ ಕಡೆ ಮಳೆ ತರುತ್ತದೆ. ಗಾಲೆಯ ಮರಳಿಗೆ ಬಿಸಿಲು ಬೀಳುತ್ತದೆ.

ಅಲ್ಲಿಯ ಹವಾಮಾನ ಇಲಾಖೆ ವರ್ಷವನ್ನು ನಾಲ್ಕು ಮಾಡಿದೆ. ಮೇಯಿಂದ ಸೆಪ್ಟೆಂಬರ್ ನೈಋತ್ಯ ಮಾರುತ, ಡಿಸೆಂಬರಿನಿಂದ ಫೆಬ್ರವರಿ ಈಶಾನ್ಯ ಮಾರುತ, ನಡುವೆ ಮಾರ್ಚ್–ಏಪ್ರಿಲ್ ಒಂದು ಸಂಧಿಕಾಲ, ಅಕ್ಟೋಬರ್–ನವೆಂಬರ್ ಇನ್ನೊಂದು. ರೈತರ ಲೆಕ್ಕ ಇನ್ನೂ ಸರಳ: ಯಾಲ ಮತ್ತು ಮಹಾ ಎಂಬ ಎರಡು ಬೆಳೆ. ನಮ್ಮ ಮುಂಗಾರು–ಹಿಂಗಾರು ಇದ್ದಂತೆ. ಒಂದೇ ವ್ಯತ್ಯಾಸ, ಅಲ್ಲಿ ಹಿಂಗಾರಿನ ಮಹಾ ಬೆಳೆಯೇ ದೊಡ್ಡದು.

ಪ್ರವಾಸದ ಮಾತು ಬಂದಾಗ "ಶ್ರೀಲಂಕಾಕ್ಕೆ ಹೋಗಲು ಒಳ್ಳೆಯ ಕಾಲ ಯಾವುದು?" ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ: ಯಾವ ಪಕ್ಕಕ್ಕೆ? ಕರ್ನಾಟಕಕ್ಕೆ ಬರಲು ಒಳ್ಳೆಯ ಕಾಲ ಯಾವುದು ಎಂದು ಯಾರಾದರೂ ನಮ್ಮನ್ನು ಕೇಳಿದರೆ ಜೋಗಕ್ಕೋ, ಹಂಪಿಗೋ, ಕಬಿನಿಗೋ ಎಂದು ತಿರುಗಿ ಕೇಳುವುದಿಲ್ಲವೇ? ಹೊರದೇಶದ ಮಾತು ಬಂದ ಕೂಡಲೇ ಆ ಜಾಣತನ ಎಲ್ಲಿ ಹೋಗುತ್ತದೋ. ಇಡೀ ದೇಶವೇ ಒಂದು ಊರು, ಅದಕ್ಕೊಂದೇ ಆಕಾಶ ಎಂದುಕೊಂಡುಬಿಡುತ್ತೇವೆ. ಪ್ಯಾಕೇಜಿನವರೂ ಹಾಗೇ. ಸಿಗಿರಿಯಾ–ಕ್ಯಾಂಡಿ–ನುವಾರ ಎಲಿಯಾ–ಬೆಂಟೋಟ ಎಂಬ ಆ ಸರಮಾಲೆ ಜನವರಿಯಲ್ಲೂ ಅದೇ, ಜೂನ್‌ನಲ್ಲೂ ಅದೇ. ಬದಲಾಗುವುದು ಬೆಲೆ ಮಾತ್ರ.

ಬೆಂಟೋಟದಿಂದ ವಾಪಸಾದ ಮೇಲೆ ಅಮ್ಮನಿಗೆ ಈ ಕತೆಯೆಲ್ಲ ಹೇಳಿದೆ. ಮಳೆಗಾಲದ ನಮ್ಮ ಮನೆಯಲ್ಲಿ ಒಂದು ಸೀರೆ ಒಣಗಲು ಮೂರು ದಿನ ಬೇಕು. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕಿದರೂ ಉಟ್ಟಾಗ ಹೊಗೆಯ ವಾಸನೆ. ಅಮ್ಮ ಪೂರ್ತಿ ಕೇಳಿ, "ಎಲ್ಲಿಗಾದ್ರೂ ಹೋಗು ಮಾರಾಯ, ಬಟ್ಟೆ ಒಣಗೋ ಕಾಲ ನೋಡ್ಕೊಂಡು ಹೋಗು" ಅಂದಳು.

ಅದಾದ ಮೇಲೆ ನಾನು ಪ್ರವಾಸದ ಪುಸ್ತಕಗಳನ್ನು ನೋಡುವ ಬದಲು ಆ ಊರಿನ ಜಾತ್ರೆ ಯಾವಾಗ ಎಂದು ಹುಡುಕಲು ಶುರುಮಾಡಿದೆ. ಶಿರಸಿಯ ಮಾರಿಕಾಂಬೆ ಜಾತ್ರೆ, ನಮ್ಮ ಸಾಗರದ ಮಾರಿಜಾತ್ರೆ, ಎರಡೂ ನಡೆಯುವುದು ಮಳೆ–ಚಳಿ ಎಲ್ಲ ಮುಗಿದು ಅಡಿಕೆ ಮಾರಿ ಕೈಯಲ್ಲಿ ಕಾಸಿರುವ ಫೆಬ್ರವರಿ–ಮಾರ್ಚ್‌ನಲ್ಲಿ. ಪುಷ್ಯ, ಆಶ್ಲೇಷ ಮಳೆಯಲ್ಲಿ ತೇರು ಎಳೆಯುವ ಹುಚ್ಚು ಯಾವ ಊರಿನ ಹಿರಿಯರಿಗೂ ಇರಲಿಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ತೇರು ಮಾರ್ಗಶಿರದಲ್ಲಿ, ಕುಮಾರಧಾರೆ ಇಳಿದ ಮೇಲೆ. ಅದೇ ಸುಬ್ರಹ್ಮಣ್ಯನಿಗೆ ಶ್ರೀಲಂಕಾದ ಆಗ್ನೇಯ ಮೂಲೆಯ ಕತರಗಾಮದಲ್ಲಿ ದೊಡ್ಡ ಹಬ್ಬ ನಡೆಯುವುದು ಯಾವಾಗ? ಜುಲೈ–ಆಗಸ್ಟ್ ಸುಮಾರಿಗೆ. ಉತ್ತರದ ಜಾಫ್ನಾದಿಂದ ಭಕ್ತರು ಮೂಡಣ ಕರಾವಳಿ ಹಿಡಿದು, ಕುಮನ ಮತ್ತು ಯಾಲ ಕಾಡುಗಳ ಮೂಲಕ ವಾರಗಟ್ಟಲೆ ನಡೆದು ಬರುತ್ತಾರೆ. ಕುಕ್ಕೆಯ ದಾರಿ ಕೊಚ್ಚೆಯಾಗಿರುವ ಹೊತ್ತಿಗೆ ಕತರಗಾಮದ ದಾರಿ ಧೂಳು. ದೇವರು ಒಬ್ಬನೇ, ಬೆಟ್ಟದ ಪಕ್ಕ ಬೇರೆ, ಹಾಗಾಗಿ ಹಬ್ಬದ ತಿಂಗಳೂ ಬೇರೆ.

ಶ್ರೀಪಾದ ಶಿಖರದ ಕತೆಯೂ ಇದೇ. 2,243 ಮೀಟರ್ ಎತ್ತರದ ಆ ಬೆಟ್ಟದ ತುದಿಯಲ್ಲಿ ಒಂದು ಹೆಜ್ಜೆಯ ಗುರುತು ಇದೆ. ಬೌದ್ಧರು ಬುದ್ಧನದೆನ್ನುತ್ತಾರೆ, ಹಿಂದೂಗಳು ಶಿವನದೆನ್ನುತ್ತಾರೆ, ಮುಸ್ಲಿಮರು ಆದಮನದೆನ್ನುತ್ತಾರೆ. ಯಾರದೇ ಆಗಲಿ, ಹತ್ತುವ ಕಾಲದ ಬಗ್ಗೆ ಮಾತ್ರ ಜಗಳವಿಲ್ಲ: ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ. ಆಗ ಮೆಟ್ಟಿಲುದ್ದಕ್ಕೂ ದೀಪ, ಚಹಾದಂಗಡಿ, ಜನ. ಮೇ ಕಳೆದರೆ ದೀಪ ಆರುತ್ತದೆ, ಅಂಗಡಿ ಮುಚ್ಚುತ್ತದೆ, ಬೆಟ್ಟದ ನೆತ್ತಿ ಗಾಳಿಗೂ ಮೋಡಕ್ಕೂ ಸೇರುತ್ತದೆ. ಆಮೇಲೂ ಹತ್ತುವವರಿದ್ದಾರೆ. ಅವರ ಕಾಲಿಗೆ ಹತ್ತುವ ಉಂಬಳಗಳ ಬಗ್ಗೆ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

ಈ ಜಾತ್ರೆಯ ಲೆಕ್ಕ ದೂರದ ದೇಶಗಳಿಗೂ ಒಂದು ಮಟ್ಟಿಗೆ ಹೊಂದುತ್ತದೆ. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ 1810ರಲ್ಲಿ ಮೊದಲು ನಡೆದದ್ದು ಅಕ್ಟೋಬರಿನಲ್ಲೇ. ಆಮೇಲೆ ಚಳಿ ತಪ್ಪಿಸಿಕೊಳ್ಳಲು ಸೆಪ್ಟೆಂಬರಿಗೆ ಎಳೆದುಕೊಂಡರು, ಹೆಸರು ಮಾತ್ರ ಹಾಗೇ ಉಳಿಯಿತು. ಪೆರುವಿನ ಕುಸ್ಕೊದಲ್ಲಿ ಸೂರ್ಯನ ಹಬ್ಬ ಇಂತಿ ರೈಮಿ ಜೂನ್ 24ಕ್ಕೆ, ಅಲ್ಲಿ ಮಳೆಯಿಲ್ಲದ ತಿಂಗಳು. ಆದರೆ ಎಲ್ಲ ಕಡೆ ಇದನ್ನೇ ನೆಚ್ಚಿ ಕೂತರೆ ಕೆಟ್ಟೆವು. ಬಾಲಿಯ ಗಲುಂಗನ್ ಹಬ್ಬ 210 ದಿನದ ಪಂಚಾಂಗದಂತೆ ಬರುತ್ತದೆ, ಅದಕ್ಕೆ ಬಿಸಿಲೂ ಒಂದೇ ಮಳೆಯೂ ಒಂದೇ. ಅದೇ ಬಾಲಿಯಲ್ಲಿ ನ್ಯೇಪಿ ಎಂಬ ಮೌನದ ದಿನ ಮಾರ್ಚ್ ಆಸುಪಾಸಿನಲ್ಲಿ ಬಂದಾಗ ವಿಮಾನ ನಿಲ್ದಾಣವನ್ನೇ ಒಂದು ಹಗಲು ಒಂದು ರಾತ್ರಿ ಮುಚ್ಚುತ್ತಾರೆ. ಪ್ರವಾಸಿಗರೂ ಹೋಟೆಲು ಬಿಟ್ಟು ಹೊರಡುವಂತಿಲ್ಲ. ನಾಲ್ಕು ದಿನದ ಪ್ರವಾಸದಲ್ಲಿ ಒಂದು ದಿನ ಹಾಗೆ ಹೋದರೆ ಕೆಲವರಿಗೆ ನಷ್ಟ. ನನಗೆ ಕೇಳಿದರೆ, ಅದಕ್ಕೆಂದೇ ಹೋಗಬೇಕು.

ಜಾತ್ರೆ ಎಂದರೆ ಜನ, ಜನ ಎಂದರೆ ಬೆಲೆ ಎಂಬುದನ್ನೂ ಮರೆಯಬಾರದು. ಕ್ಯಾಂಡಿಯಲ್ಲಿ ಬುದ್ಧನ ದಂತಧಾತುವಿನ ಎಸಲ ಪೆರಹೆರ ಜುಲೈ ಅಥವಾ ಆಗಸ್ಟ್‌ನಲ್ಲಿ ಹತ್ತು ದಿನ, ಹುಣ್ಣಿಮೆಗೆ ಮುಗಿಯುವಂತೆ ನಡೆಯುತ್ತದೆ. ಅಲಂಕರಿಸಿದ ಆನೆ, ಪಂಜು, ಚಾಟಿ ಬೀಸುವವರು, ಡೋಲಿನವರು. ಮೈಸೂರಿನ ಜಂಬೂ ಸವಾರಿ ನೋಡಿದವರಿಗೂ ಅದರ ಸೊಗಸೇ ಬೇರೆ ಅನ್ನಿಸುತ್ತದೆ. ಆ ದಿನಗಳಲ್ಲಿ ಬೀದಿ ಬದಿಯ ಕುರ್ಚಿಗೂ ದುಡ್ಡು. ಅದಕ್ಕೆ ಒಂದೋ ಹಬ್ಬಕ್ಕೆಂದೇ ಹೋಗಬೇಕು, ಇಲ್ಲವೇ ಅದರಿಂದ ವಾರ ದೂರ ಇರಬೇಕು. ಗೊತ್ತಿಲ್ಲದೆ ನಡುವೆ ಹೋಗಿ ಸಿಕ್ಕಿಕೊಳ್ಳುವುದಿದೆಯಲ್ಲ, ಅದು ಬೇಡ.

ಇನ್ನು ನಮ್ಮ ಕಡೆಯ ಕಷ್ಟ. ಮಕ್ಕಳಿರುವ ಕನ್ನಡದ ಮನೆಗೆ ವರ್ಷದಲ್ಲಿ ಮೂರೇ ಬಾಗಿಲು: ಏಪ್ರಿಲ್–ಮೇ, ದಸರಾ, ಮತ್ತು ಕೆಲವು ಶಾಲೆಗಳಿಗೆ ಕ್ರಿಸ್‌ಮಸ್. ಆಕಾಶ ನೋಡಿ ತಿಂಗಳು ಆರಿಸಿ ಎನ್ನುವ ಉಪದೇಶ ಇಲ್ಲಿ ನಡೆಯದು. ತಿಂಗಳನ್ನು ಮೇಷ್ಟ್ರು ಆರಿಸಿ ಆಗಿದೆ. ನಮಗೆ ಉಳಿದದ್ದು ಪಕ್ಕ ಆರಿಸುವುದು.

ಏಪ್ರಿಲ್ ನಿಜಕ್ಕೂ ಕೆಟ್ಟದ್ದಲ್ಲ. ಗಾಳಿ ಇನ್ನೂ ದಿಕ್ಕು ತೀರ್ಮಾನಿಸಿರದ ಸಂಧಿಕಾಲವಾದ್ದರಿಂದ ದ್ವೀಪದ ಎರಡೂ ಬದಿಯ ಸಮುದ್ರ ಶಾಂತವಾಗಿರುವುದು ಹೆಚ್ಚಾಗಿ ಆಗಲೇ. ಸೆಕೆ ಇದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಇದೆ. ಬೆಳಿಗ್ಗೆ ಬೇಗ ಎದ್ದವರಿಗೆ ಎರಡರದ್ದೂ ತೊಂದರೆಯಿಲ್ಲ. ಸಿಗಿರಿಯಾದ 1,200 ಮೆಟ್ಟಿಲನ್ನು ಹತ್ತು ಗಂಟೆಯ ಮೇಲೆ ಹತ್ತುವವರು ಬಂಡೆಯ ಮೇಲೆ ರೊಟ್ಟಿಯ ಹಾಗೆ ಬೇಯುತ್ತಾರೆ, ಏಳಕ್ಕೆ ಹೊರಟವರು ಇಳಿದು ತಿಂಡಿ ತಿನ್ನುತ್ತಾರೆ. ನಿಜವಾದ ತೊಡಕು ಬೇರೆ. ಏಪ್ರಿಲ್ 13–14ಕ್ಕೆ ಸಿಂಹಳೀಯರ ಮತ್ತು ತಮಿಳರ ಹೊಸ ವರ್ಷ. ನಮ್ಮ ತುಳುನಾಡಿನ ಬಿಸು ಪರ್ಬದ ದಿನವೇ, ಸೂರ್ಯ ಮೇಷಕ್ಕೆ ಬರುವ ಹೊತ್ತು. ಥಾಯ್ಲೆಂಡಿನಲ್ಲೂ ಅದೇ ದಿನಗಳಲ್ಲಿ ಸೊಂಗ್‌ಕ್ರಾನ್. ಕೊಲಂಬೊ ಅವತ್ತು ನಮ್ಮ ಬೆಂಗಳೂರು ಗೌರಿ–ಗಣೇಶಕ್ಕೆ ಬಣಗುಟ್ಟುವ ಹಾಗೆ ಖಾಲಿ. ಅಂಗಡಿ ಮುಚ್ಚಿ ಎಲ್ಲರೂ ಊರಿಗೆ. ಕಾಸಿದ್ದವರು ಹೋಗುವುದು ನುವಾರ ಎಲಿಯಾಕ್ಕೆ. 1,868 ಮೀಟರ್ ಎತ್ತರದ ಆ ತಂಪು ಊರಿಗೆ ಇಂಗ್ಲಿಷರ ಕಾಲದಿಂದಲೂ ಏಪ್ರಿಲ್ಲೇ ಸೀಸನ್ನು: ಹೂವಿನ ಪ್ರದರ್ಶನ, ಕುದುರೆ ರೇಸು, ಸಿಗದ ರೂಮು. ಏಪ್ರಿಲ್ 20 ಕಳೆದು ಮೇ ಹತ್ತರೊಳಗೆ ಹೋಗಿಬಂದರೆ ಹಬ್ಬದ ನೂಕುನುಗ್ಗಲೂ ಇಲ್ಲ, ಮುಂಗಾರೂ ಬಂದಿರುವುದಿಲ್ಲ. ಮೇ ಹತ್ತಕ್ಕೂ ಇಪ್ಪತ್ತೈದಕ್ಕೂ ಏನು ದೊಡ್ಡ ಅಂತರ ಎಂದು ನಾನೂ ಅಂದುಕೊಂಡಿದ್ದೆ.

ಮೇ ಕೊನೆಯಲ್ಲೇ ಹೋಗಬೇಕಾದರೆ ಬೆಂಟೋಟ ಕೈಬಿಟ್ಟು ಟ್ರಿಂಕೋಮಲಿಯ ನಿಲಾವೇಲಿಗೋ, ಪಾಸಿಕುಡಾಕ್ಕೋ, ಅಲೆ ಬೇಕಾದವರು ಅರುಗಂ ಬೇಗೋ ಹೋಗಬೇಕು. ನೆಗೊಂಬೊ ಕಡೆಯ ಮೀನುಗಾರರು ಮಾಡುವುದೂ ಅದನ್ನೇ. ಮುಂಗಾರಿಗೆ ಪಡುವಣ ಸಮುದ್ರ ಕೆರಳಿದಾಗ ಬಲೆ–ದೋಣಿ ಕಟ್ಟಿಕೊಂಡು ಮೂಡಣ ದಂಡೆಗೆ ಹೋಗಿ ಗುಡಿಸಲು ಹಾಕಿ, ಋತು ತಿರುಗಿದ ಮೇಲೆ ವಾಪಸ್. ನಮ್ಮ ಮಲ್ಪೆ–ಮಂಗಳೂರಿನವರಿಗೆ ಆ ಅನುಕೂಲ ಇಲ್ಲ; ಜೂನ್–ಜುಲೈ 61 ದಿನ ಯಂತ್ರದ ದೋಣಿಗಳು ದಕ್ಕೆಯಲ್ಲೇ.

ದಸರೆ ಇನ್ನೊಂದು ಬಗೆಯ ಒಗಟು, ಯಾಕೆಂದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂತು. ಅಧಿಕ ಮಾಸ ಬಿದ್ದ 2026ರಲ್ಲಿ ಅಕ್ಟೋಬರ್ 20. ಈ ಹದಿನೆಂಟು ದಿನದಲ್ಲಿ ಲಂಕೆಯ ಮೂಡಣ ಕರಾವಳಿ ಮಗುಚಿ ಬೀಳಬಹುದು. ಸೆಪ್ಟೆಂಬರ್ ಕೊನೆಗೆ ಟ್ರಿಂಕೋ ಇನ್ನೂ ಬಿಸಿಲು, ಚಿತ್ತಾ–ಸ್ವಾತಿ ಮಳೆಯ ಹೊತ್ತಿಗೆ ಇಡೀ ದ್ವೀಪಕ್ಕೆ ಮಧ್ಯಾಹ್ನದ ಗುಡುಗು. ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಹಡಗು ಸಂಚಾರ ಶುರುವಾದದ್ದು 2023ರ ಅಕ್ಟೋಬರ್ ನಡುವಿನಲ್ಲಿ. ಉದ್ಘಾಟನೆಯ ಹಾರ ಬಾಡುವ ಮುಂಚೆ, ಕೆಲವೇ ದಿನಗಳಲ್ಲಿ, ಹಿಂಗಾರಿನ ಸಮುದ್ರಕ್ಕೆ ಹೆದರಿ ನಿಲ್ಲಿಸಬೇಕಾಯಿತು; ಮತ್ತೆ ಹೊರಟದ್ದು 2024ರ ಆಗಸ್ಟ್‌ನಲ್ಲಿ. ಸರ್ಕಾರಗಳೂ ಬೆಂಟೋಟಕ್ಕೆ ಮೇ ಕೊನೆಯಲ್ಲಿ ಹೋಗುತ್ತವೆ ಎಂದು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು.

ನವೆಂಬರ್ ಬಗ್ಗೆ ತಮಾಷೆಯಾಗಿ ಬರೆಯಲಾರೆ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ ಅದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಡಿದಾಗ ಬೆಟ್ಟದ ಸೀಮೆ ಕುಸಿದು ನೂರಾರು ಜನ ಸತ್ತರು. 2017ರ ಮೇ ಕೊನೆಯಲ್ಲಿ, ಮುಂಗಾರಿನ ಮೊದಲ ಬಡಿತಕ್ಕೆ, ರತ್ನಪುರ–ಕಳುತರ ಕಡೆ ಇನ್ನೂರಕ್ಕೂ ಹೆಚ್ಚು ಜನ ಹೋದರು. ಕಾಲ ನೋಡಿ ಹೊರಡುವುದೆಂದರೆ ಫೋಟೊ ಚೆನ್ನಾಗಿ ಬರಲಿ ಎಂದಷ್ಟೇ ಅಲ್ಲ. ಕೊಡಗಿನ 2018ರ ಆಗಸ್ಟ್ ಭೂಕುಸಿತ ಕಂಡ ನಮಗೆ ಅದು ಗೊತ್ತು.

ಕ್ರಿಸ್‌ಮಸ್ ರಜೆಗೆ ಗಾಲೆ, ಮಿರಿಸ್ಸಾದ ದಕ್ಷಿಣ ದಂಡೆ ಹೇಳಿಮಾಡಿಸಿದ ಜಾಗ. ಮಿರಿಸ್ಸಾದಿಂದ ನೀಲಿ ತಿಮಿಂಗಿಲ ನೋಡಲು ದೋಣಿಗಳು ಹೊರಡುವುದು ನವೆಂಬರಿನಿಂದ ಏಪ್ರಿಲ್‌ವರೆಗೆ. ಆದರೆ ಯುರೋಪಿನ ಚಳಿ ತಪ್ಪಿಸಿಕೊಂಡು ಬಂದವರೂ ಅಲ್ಲೇ ಇರುತ್ತಾರೆ, ಅವರ ಯೂರೊ ಎದುರು ನಮ್ಮ ರೂಪಾಯಿ ನಿಲ್ಲಬೇಕು. ಜನವರಿ ಮಧ್ಯದ ಮೇಲೆ ದರ ಇಳಿಯುತ್ತದೆ, ಅಷ್ಟರಲ್ಲಿ ನಮ್ಮ ಮಕ್ಕಳಿಗೆ ಪ್ರಿಪರೇಟರಿ ಪರೀಕ್ಷೆ.

ಲಂಕೆಗೆ ಮಾತ್ರ ಈ ಇಬ್ಬಗೆಯೆಂದು ತಿಳಿಯಬೇಡಿ. ಥಾಯ್ಲೆಂಡಿನ ಫುಕೆಟ್ ಜುಲೈನಲ್ಲಿ ನೆನೆಯುವಾಗ ಆಚೆ ಕೊಲ್ಲಿಯ ಕೊ ಸಮುಯ್‌ನಲ್ಲಿ ಬಿಸಿಲು; ನವೆಂಬರಿನಲ್ಲಿ ಸಮುಯ್ ನೆನೆಯುತ್ತದೆ, ಫುಕೆಟ್ ಒಣಗುತ್ತದೆ. ವಿಯೆಟ್ನಾಂ ಇನ್ನೂ ಉದ್ದ. ಅಕ್ಟೋಬರ್–ನವೆಂಬರಿನಲ್ಲಿ ಹನೋಯ್ ತಂಪಾಗಿ ಹಿತವಾಗಿರುವಾಗ ನಡುವಿನ ಹೋಯ್ ಅನ್‌ನ ಹಳೆ ಪೇಟೆಯಲ್ಲಿ ನೆರೆ ಬಂದು ಬೀದಿಯಲ್ಲಿ ದೋಣಿ ಓಡುತ್ತದೆ. ದೀಪಾವಳಿಗೆ ವಿಯೆಟ್ನಾಂ ಎಂದು ಹೊರಡುವವರು ಇದನ್ನೊಂದು ನೆನಪಿಡಲಿ.

ಯುರೋಪಿನ ಮಾತು ಬೇರೆ, ಅಲ್ಲಿ ಪಕ್ಕಕ್ಕಿಂತ ಎತ್ತರ ಮುಖ್ಯ. ನಮ್ಮ ಮೇ ರಜೆಗೆ ನೆದರ್‌ಲೆಂಡ್ಸ್‌ನ ಕ್ಯೂಕೆನ್‌ಹಾಫ್ ಟ್ಯೂಲಿಪ್ ತೋಟ ಸಿಗುವುದು ಮೇ ನಡುವಿನವರೆಗೆ ಮಾತ್ರ. ಅದೇ ಮೇಯಲ್ಲಿ ಸ್ವಿಟ್ಜರ್ಲೆಂಡಿನ ಎತ್ತರದ ಕಣಿವೆ ರಸ್ತೆಗಳು ಇನ್ನೂ ಹಿಮದಲ್ಲಿ ಹೂತಿರುತ್ತವೆ. ಚಳಿಗಾಲದ ಸ್ಕೀಯಿಂಗ್ ಮುಗಿದು ಬೇಸಿಗೆ ಶುರುವಾಗುವ ಈ ಬಿಡುವಿನಲ್ಲೇ ಅಲ್ಲಿಯ ಹಲವು ಕೇಬಲ್ ಕಾರುಗಳಿಗೆ ರಿಪೇರಿ. ಸಿನಿಮಾದಲ್ಲಿ ಕಂಡ ಹಸಿರು ಹುಲ್ಲು, ಗಂಟೆ ಕಟ್ಟಿದ ದನ ಬೇಕೆಂದರೆ ಜೂನ್ ಆಗಬೇಕು. ದನಗಳನ್ನು ಬೆಟ್ಟಕ್ಕೆ ಹೊಡೆಯುವುದೇ ಆಗ. ಸೆಪ್ಟೆಂಬರಿಗೆ ಹೂವು ಮುಡಿಸಿ ಮೆರವಣಿಗೆಯಲ್ಲಿ ಇಳಿಸುತ್ತಾರೆ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಯುಗಾದಿ ಕಳೆದ ಮೇಲೆ ಮೇ ತಿಂಗಳ ವೀಸಾಕ್ಕೆ ಓಡಾಡುವವರನ್ನು ಕಂಡರೆ ನನಗೆ ಜೋಗದ ಚಿಕ್ಕಪ್ಪ ನೆನಪಾಗುತ್ತಾರೆ.

ಶಾಲೆಯ ಹಂಗಿಲ್ಲದವರ ಲೆಕ್ಕ ಬೇರೆ. ನಮ್ಮ ಕಡೆ ಅಡಿಕೆ ತೋಟದ ಮನೆಗಳಿಗೆ ಪುರುಸೊತ್ತು ಸಿಗುವುದು ಯಾವಾಗ? ಬೇಸಿಗೆಯಲ್ಲಿ ತೋಟಕ್ಕೆ ನೀರು ಹಾಯಿಸಬೇಕು, ಮಳೆಗಾಲದ ಮೊದಲಿಗೆ ಕೊಳೆರೋಗಕ್ಕೆ ಬೋರ್ಡೋ ಔಷಧಿ, ದೀಪಾವಳಿ ಹಿಂದೆಮುಂದೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಜನವರಿಯವರೆಗೂ ಉಸಿರು ಬಿಡಲಾಗದು. ಒಂದು ಔಷಧಿ ಹೊಡೆದು ಇನ್ನೊಂದು ಹೊಡೆಯುವ ನಡುವಿನ ಜುಲೈ ವಾರಗಳಷ್ಟೇ ಬಿಡುವು. ಊರಿನಲ್ಲಿ ಹೊರಗೆ ಕಾಲಿಡಲಾಗದ ಆ ಮಳೆಯಲ್ಲೇ ಮಲೆನಾಡಿನ ರೈತ ಪ್ರವಾಸಕ್ಕೆ ಹೊರಡಬಲ್ಲ. ಉತ್ತರಕ್ಕೆ ಹೋದರೂ ಮಳೆ, ಪಡುವಣಕ್ಕೂ ಮಳೆ. ಆದರೆ ಬೆಂಗಳೂರಿನಿಂದ ಒಂದೂವರೆ ತಾಸು ಹಾರಿ, ಬೆಟ್ಟದ ಆಚೆ ಬದಿಗೆ ಇಳಿದರೆ?

ಹಾಗೆ ಎರಡನೆಯ ಸಲ ಹೊರಟದ್ದು ಜುಲೈ ಕೊನೆಗೆ, ಅಮ್ಮನೊಂದಿಗೆ. ಮಗಳಿಗೆ ಶಾಲೆ, ಹೆಂಡತಿಗೆ ಆಫೀಸು. ಪ್ಯಾಕೇಜು ಬೇಡವೆಂದು ಹಳೆಯ ಡ್ರೈವರನ್ನೇ ಹುಡುಕಿ ಮಾತಾಡಿಕೊಂಡೆ. ಕೊಲಂಬೊದಲ್ಲಿ ಜಿಟಿಜಿಟಿ, ಅಮ್ಮ ವಿಮಾನ ಇಳಿದವಳೇ, "ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ" ಅಂದಳು. ಮೂರು ತಾಸಿನ ಮೇಲೆ ಆಕಾಶ ತೆರೆಯಿತು. ಹಬರಣ ದಾಟಿ ಮಿನ್ನೇರಿಯಾ ಕೆರೆಯ ಹತ್ತಿರ ಜೀಪು ಹತ್ತಿದೆವು. ಮೂರನೆಯ ಶತಮಾನದ ಮಹಾಸೇನ ರಾಜ ಕಟ್ಟಿಸಿದ ಕೆರೆ. ಬೇಸಿಗೆಗೆ ನೀರು ಹಿಂದೆ ಸರಿದು ಅಂಗಳದಲ್ಲಿ ಹಸಿ ಹುಲ್ಲು ಎದ್ದಾಗ ಸುತ್ತಲ ಕಾಡಿನ ಆನೆಗಳೆಲ್ಲ ಅಲ್ಲಿ ಸೇರುತ್ತವೆ. ಕಬಿನಿ ಹಿನ್ನೀರಿನಲ್ಲಿ ಏಪ್ರಿಲ್–ಮೇಯಲ್ಲಿ ಕಾಣುವುದೇ ಇಲ್ಲಿ ಆಗಸ್ಟ್–ಸೆಪ್ಟೆಂಬರಿನಲ್ಲಿ, ಏಕೆಂದರೆ ಇವರ ಬೇಸಿಗೆ ಇರುವುದು ನಮ್ಮ ಮಳೆಗಾಲದಲ್ಲಿ. ನಾವು ಕಂಡದ್ದು ಇಪ್ಪತ್ತು–ಮೂವತ್ತು ಆನೆ. ಮೊದಲೆಲ್ಲ ಇದರ ಎಷ್ಟೋ ಪಟ್ಟು ಸೇರುತ್ತಿದ್ದವು ಎಂದರು ಡ್ರೈವರ್. 2018ರಲ್ಲಿ ಮೊರಗಹಕಂದ ಅಣೆಕಟ್ಟು ಬಂದಮೇಲೆ ಬೇಸಿಗೆಯಲ್ಲೂ ಕೆರೆಗೆ ನೀರು ಬಿಡುತ್ತಾರೆ, ನೀರು ನಿಂತರೆ ಹುಲ್ಲು ಮುಳುಗುತ್ತದೆ. ಪುಸ್ತಕದಲ್ಲಿ ಮಾತ್ರ ಋತು ಹಾಗೇ ಇದೆ. ಲಿಂಗನಮಕ್ಕಿ ಅಣೆಕಟ್ಟು ಕಂಡ ಅಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಬೆಟ್ಟದ ಮೂಡಣ ಬದಿಯ ಊವಾ ಸೀಮೆಯ ಟೀ ಸೊಪ್ಪಿಗೆ ಒಳ್ಳೆಯ ಪರಿಮಳ ಬರುವುದು ಇದೇ ಜುಲೈಯಿಂದ ಸೆಪ್ಟೆಂಬರ್ ನಡುವೆ, ಒಣ ಗಾಳಿಗೆ. ಪಡುವಣ ಬದಿಯ ಡಿಂಬುಲದ ಟೀಗೆ ಜನವರಿಯಿಂದ ಮಾರ್ಚ್. ಇದು ತೋಟದಲ್ಲಿ ಬೆಳೆದ ಡ್ರೈವರ್ ಹೇಳಿದ್ದು. ದಾರಿಯಲ್ಲಿ ಒಂದು ಅಂಗಡಿಯಲ್ಲಿ ಹಾಲಿಲ್ಲದ ಊವಾ ಚಹಾ ಕುಡಿಸಿದರು. ಅಮ್ಮ ಒಂದು ಗುಟುಕು ಕುಡಿದು, "ಕಷಾಯ ಚೆನ್ನಾಗಿದೆ, ಹಾಲು ಹಾಕ್ಲಿಕ್ಕೆ ಹೇಳು" ಅಂದಳು.

ಟ್ರಿಂಕೋಮಲಿಯಲ್ಲಿ ಬಂಡೆಯ ನೆತ್ತಿಯ ಕೋಣೇಶ್ವರನ ದರ್ಶನ ಮುಗಿಸಿ ನಿಲಾವೇಲಿಗೆ ಬಂದೆವು. ಡ್ರೈವರ್ ಅವತ್ತು ಹೇಳಿದ ಕೆರೆಯಂಥ ಸಮುದ್ರ ಕೊನೆಗೂ ಸಿಕ್ಕಿತು. ಅಮ್ಮ ಮೊಣಕಾಲಿನವರೆಗೆ ಎಂದು ಇಳಿದವಳು ಕುತ್ತಿಗೆಯವರೆಗೆ ಹೋಗಿ, ಪೂರ್ತಿ ನೆಂದು ಬಂದಳು. ರೂಮಿನ ಎದುರಿನ ಕಂಬಿಯ ಮೇಲೆ ಸೀರೆ ಹರವಿ, ಹಾರದಂತೆ ಎರಡು ಗಂಟು ಹಾಕಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಕಚ್ಚಾನ್ ಗಾಳಿ ಬೀಸುತ್ತಿತ್ತು. ಊರಿನಿಂದ ಅಕ್ಕನ ಫೋನು: ಪುಷ್ಯ ಮಳೆ ಬಿಟ್ಟೂಬಿಡದೆ ಹೊಡೆಯುತ್ತಿದೆ, ಕರೆಂಟಿಲ್ಲ, ಹೊಳೆ ಸೇತುವೆ ಮೇಲೆ ಬಂದಿದೆ, ಅಲ್ಲಿ ಹೇಗಿದೆ, ದೇವಸ್ಥಾನ ಆಯ್ತಾ, ಆನೆ ಕಂಡ್ರಾ.

ಅಮ್ಮ ಎದ್ದು ಸೀರೆಯ ಸೆರಗು ಮುಟ್ಟಿ ನೋಡಿದಳು. "ಅದೆಲ್ಲ ಆಮೇಲೆ ಹೇಳ್ತೆ. ಕೇಳು, ಅರ್ಧ ಗಂಟೆ ಆಗ್ಲಿಲ್ಲ ಮಾರಾಯ್ತಿ, ಅಂಚೂ ಒಣಗಿದೆ."